ಚುಕ್ಕೆಯಿಲ್ಲದ ಗುಲಗಂಜಿ

ಕಬ್ಬಿನ ಗಣಿಕೆಗೆ ಬೂದಿ ಮೆತ್ತಿದಂತೆ ಶಲ್ಕ ಕೀಟ. ಅದರ ಮೇಲೆ ಕರಿಮಣಿಯಂತೆ ಹೊಳೆಯುವ ಪುಟ್ಟ ಹುಳು. ನಮ್ಮ ನೆಲದ ಈ ಬೇಟೆಗಾರ ಸೇಶೆಲ್ಸ್ ದ್ವೀಪದ ತೆಂಗು ಉಳಿಸಿದ, ಒಮಾನಿನ ತೋಟಕ್ಕೂ ಹೋದ. ತವರಿನ ಹೊಲದಲ್ಲಿ ಮಾತ್ರ ಕಳ್ಳನೆನಿಸಿಕೊಂಡು ಸಾಯುತ್ತಿದ್ದಾನೆ.

ಎಳ್ಳಮಾವಾಸ್ಯೆಯ ಮಧ್ಯಾಹ್ನ. ಹುಮನಾಬಾದ್ ತಾಲ್ಲೂಕಿನ ಹುಡಗಿಯಲ್ಲಿ ಊರಿಗೆ ಊರೇ ಹೊಲದಲ್ಲಿತ್ತು. ಜೋಳದ ದಂಟಿನ ಕೊಂಪಿಯೊಳಗೆ ಸುಣ್ಣ ಬಳಿದ ಐದು ಕಲ್ಲು, ಅವೇ ಪಾಂಡವರು. ಪೂಜೆ ಮುಗಿದಿತ್ತು. ಹೊಲದ ಜೀವಗಳ ಪಾಲಿನ ಎಡೆಯಾದ ಚರಗ ಚೆಲ್ಲಿಯಾಗಿತ್ತು. ಭಜ್ಜಿ, ಸಜ್ಜಿ ರೊಟ್ಟಿಯ ಊಟ ಮುಗಿಸಿ ಅಂಬಲಿ ಕುಡಿದ ಹಿರಿಯರು ಕೊಂಪಿಯ ನೆರಳಿಗೆ ಒರಗಿದ್ದರು. ಮಕ್ಕಳು ಹಸಿಕಡಲೆ ಕಿತ್ತು ತಿನ್ನುತ್ತ ಬದುವಿನ ಮೇಲೆ ಓಡಾಡುತ್ತಿದ್ದವು.

ಅಜ್ಜ, ನಮ್ಮ ಬಾಯಲ್ಲಿ ಮುತ್ಯಾ, ನನ್ನ ಕೈ ಹಿಡಿದು ಪಕ್ಕದ ಕಬ್ಬಿನ ಪಟ್ಟಿಗೆ ಕರೆದುಕೊಂಡು ಹೋದರು. ಒಂದು ಗಳದ ಒಣಗಿದ ಎಲೆಯನ್ನು, ಅಂದರೆ ರವದಿಯನ್ನು, ಸರ್ರನೆ ಸುಲಿದರು. ಒಳಗೆ ಗಣಿಕೆಯ ಬಣ್ಣವೇ ಕಾಣಲಿಲ್ಲ. ಒಲೆಯ ಬೂದಿಯನ್ನು ನೀರಲ್ಲಿ ಕಲಸಿ ಬಳಿದಂಥ ಒಂದು ಪದರ. ಅದರ ಮೇಲೆ ಏಳೆಂಟು ಕರಿಮಣಿಗಳು. ಬಿಸಿಲು ಬಿದ್ದದ್ದೇ ತಡ, ಮಣಿಗಳು ನಡೆಯತೊಡಗಿದವು.

"ನೋಡು ತಮ್ಮಾ, ಇದೇ ಹುಳ. ಇದೇ ನನ್ನ ಕಬ್ಬು ತಿಂದು ಹಾಳ ಮಾಡ್ಯಾದ. ನಾಳಿಗಿ ಎಣ್ಣಿ ಹೊಡಸ್ತೀನಿ."

ಎಣ್ಣೆ ಎಂದರೆ ಈ ಸೀಮೆಯಲ್ಲಿ ಕೀಟನಾಶಕ. ಕೊಂಪಿಯ ಹಿಂದೆ ಬೆನ್ನಿಗೆ ಹಾಕುವ ಪಂಪು ಆಗಲೇ ಬಂದು ಕೂತಿತ್ತು. ನಾನು ಜೇಬಿನ ಭೂತಗನ್ನಡಿ ತೆಗೆದು ಮುತ್ಯಾನ ಕೈಗಿಟ್ಟೆ. ಅವರು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು. ಕರಿಹುಳು ಒಂದು ಬೂದಿ ಚಿಪ್ಪಿನ ಅಂಚಿಗೆ ಬಾಯಿ ಹಚ್ಚಿ ಅಲುಗಾಡದೆ ನಿಂತಿತ್ತು.

"ಕಬ್ಬಿಗಿ ಬಾಯಿ ಹಾಕಿಲ್ಲಲ್ಲೋ ಇದು," ಎಂದರು ಮುತ್ಯಾ. "ಸಿಪ್ಪಿ ತೆಗದು ಒಳಗಿಂದು ತಿಂತದ."

ಮನೆ ಹೊತ್ತು ಕೂತ ಹುಳು

ಆ ಬೂದಿಯೇ ನಿಜವಾದ ಕಳ್ಳ. ಕಬ್ಬಿನ ಶಲ್ಕ ಕೀಟ, ಶಾಸ್ತ್ರದ ಹೆಸರು ಮೆಲನಾಸ್ಪಿಸ್ ಗ್ಲೊಮೆರಾಟ. ಕರ್ನಾಟಕ, ಮಹಾರಾಷ್ಟ್ರ, ಆಂಧ್ರ, ತಮಿಳುನಾಡಿನ ಕಬ್ಬು ಬೆಳೆಗಾರರಿಗೆಲ್ಲ ಇದರ ಕಾಟ ಗೊತ್ತು. ಆದರೆ ಇದನ್ನು ಹುಳು ಎಂದು ಗುರುತಿಸುವವರು ಕಡಿಮೆ. ರೋಗ ಎನ್ನುತ್ತಾರೆ, ಬೂದಿ ಎನ್ನುತ್ತಾರೆ, ಮಣ್ಣಿನ ಉಪ್ಪು ಎನ್ನುವವರೂ ಇದ್ದಾರೆ. ತಪ್ಪು ಅವರದಲ್ಲ. ಕಾಲಿಲ್ಲ, ರೆಕ್ಕೆಯಿಲ್ಲ, ತಲೆ ಎಲ್ಲಿ ಬಾಲ ಎಲ್ಲಿ ತಿಳಿಯುವುದಿಲ್ಲ. ಇಂಥದ್ದನ್ನು ಜೀವ ಎಂದು ಯಾರು ನಂಬಿಯಾರು?

ಹುಟ್ಟಿದಾಗ ಅದಕ್ಕೆ ಕಾಲಿರುತ್ತದೆ. ಧೂಳಿನ ಕಣದಷ್ಟಿರುವ ಹಳದಿ ಮರಿ ತಾಯಿಯ ಚಿಪ್ಪಿನಡಿಯಿಂದ ಹೊರಬಂದು ಎಳೆ ಗಣಿಕೆಯನ್ನು ಹುಡುಕಿ ನಡೆಯುತ್ತದೆ. ಆ ಒಂದು ನಡಿಗೆಯೇ ಹೆಣ್ಣಿನ ಇಡೀ ಬದುಕಿನ ಪ್ರಯಾಣ. ರವದಿಯ ಮರೆಯಲ್ಲಿ ಒಂದು ಜಾಗ ಹಿಡಿದು, ಕೂದಲಿಗಿಂತ ಸಣ್ಣ ಕೊಳವೆಯನ್ನು ಕಬ್ಬಿನೊಳಗೆ ಇಳಿಸಿ, ರಸ ಹೀರಲು ಕೂತರೆ ಮುಗಿಯಿತು. ಕಾಲು ಕಳಚಿಹೋಗುತ್ತವೆ. ತಾನೇ ಸ್ರವಿಸುವ ಮೇಣಕ್ಕೆ ತಾನೇ ಕಳಚಿದ ತೊಗಲನ್ನು ಸೇರಿಸಿ ಬೆನ್ನ ಮೇಲೆ ಚಿಪ್ಪು ಕಟ್ಟಿಕೊಳ್ಳುತ್ತದೆ. ಕೂತಲ್ಲೇ ಉಂಡು, ಕೂತಲ್ಲೇ ನೂರಾರು ಮರಿ ಹಾಕಿ, ಕೂತಲ್ಲೇ ಸಾಯುತ್ತದೆ. ಗಂಡಿಗೆ ಮಾತ್ರ ರೆಕ್ಕೆ. ಆದರೆ ಬೆಳೆದ ಗಂಡಿಗೆ ತಿನ್ನುವ ಬಾಯಿಯಿಲ್ಲ. ಹೆಣ್ಣನ್ನು ಕೂಡಿ ಒಂದೆರಡು ದಿನದಲ್ಲಿ ಅದರ ಕಥೆಯೂ ಮುಗಿಯುತ್ತದೆ.

ಒಂದು ಚಿಪ್ಪು ಗುಂಡುಸೂಜಿಯ ತಲೆಯಷ್ಟಿದ್ದೀತು. ಒಂದರ ಮಗ್ಗುಲಲ್ಲಿ ಒಂದು, ಒಂದರ ಮೇಲೆ ಒಂದು ಸೇರಿದಾಗ ಗಳಕ್ಕೆ ಹೆಪ್ಪುಗಟ್ಟಿದ ಹೊದಿಕೆಯಾಗುತ್ತದೆ. ಎಲೆಯ ತುದಿ ಒಣಗುತ್ತದೆ. ಗಣಿಕೆ ಸೊರಗುತ್ತದೆ, ಸೀಳಿ ನೋಡಿದರೆ ಒಳಗೆ ಕಂದು ಬಣ್ಣ. ತೂಕ ಇಳಿಯುತ್ತದೆ, ರಸದಲ್ಲಿ ಸಕ್ಕರೆ ಇಳಿಯುತ್ತದೆ, ಗಾಣಕ್ಕೆ ಹೋದರೆ ಬೆಲ್ಲ ಚೆನ್ನಾಗಿ ಕಟ್ಟುವುದಿಲ್ಲ.

ಹಳ್ಳಿಖೇಡ ಬಿಯ ಸಕ್ಕರೆ ಕಾರ್ಖಾನೆ ಇರುವ ತಾಲ್ಲೂಕು ಇದು. ತೊಗರಿ, ಉದ್ದು, ಹೆಸರು, ಸೋಯಾ ಮಳೆಯನ್ನು ನಂಬಿದರೆ ಕಬ್ಬು ಬೋರಿನ ನೀರನ್ನು ನಂಬಿದೆ. ಬೋರಿಗೆ ಸಾಲ, ಬೀಜಕ್ಕೆ ಸಾಲ, ಗೊಬ್ಬರಕ್ಕೆ ಸಾಲ. ಹನ್ನೆರಡು ತಿಂಗಳು ಕಾದ ಗಳಕ್ಕೆ ಬೂದಿ ಮೆತ್ತಿದ್ದು ಕಂಡಾಗ ಮುತ್ಯಾನಂಥವರ ಕೈ ಪಂಪಿನತ್ತ ಹೋಗುವುದು ನನಗೆ ಅರ್ಥವಾಗುತ್ತದೆ.

ಆದರೆ ಅದೇ ಪಂಪಿನಿಂದ ಕೆಲಸ ಕೆಡುತ್ತದೆ. ಶಲ್ಕ ಕೂತಿರುವುದು ಚಿಪ್ಪಿನಡಿಯಲ್ಲಿ, ಚಿಪ್ಪು ಇರುವುದು ರವದಿಯಡಿಯಲ್ಲಿ. ಆಳೆತ್ತರ ಮೀರಿದ ಕಬ್ಬಿನೊಳಗೆ ನುಗ್ಗಿ ಸಿಂಪಡಿಸಿದ ವಿಷ ಅದರ ಮೈ ಮುಟ್ಟುವುದೇ ಕಷ್ಟ. ಮೊದಲು ವಿಷ ತಾಗುವುದು ಚಿಪ್ಪಿನ ಮೇಲೆ ತಿರುಗಾಡುವ ಕರಿಹುಳುವಿಗೆ. ಬೇಟೆಗಾರ ಸತ್ತ, ಬೇಟೆ ಉಳಿಯಿತು. ಮುಂದಿನ ತಿಂಗಳು ಬೂದಿ ಇಮ್ಮಡಿ.

ಉದ್ದಿನ ಕಾಳಿನಷ್ಟು

ಗುಲಗಂಜಿ ಹುಳು ಎಂದರೆ ಎಲ್ಲರ ಕಣ್ಣಿಗೆ ಬರುವುದು ಕೆಂಪು ಮೈ, ಕರಿ ಚುಕ್ಕೆ. ಬೇಲಿಯ ಮೇಲೆ ಹಬ್ಬುವ ಗುಲಗಂಜಿ ಬಳ್ಳಿಯ ಕಾಯಿ ಒಡೆದಾಗ ಕಾಣುವ ಕೆಂಪು-ಕಪ್ಪು ಬೀಜದಿಂದ ಬಂದ ಹೆಸರು. ಅಕ್ಕಸಾಲಿಗರು ಬಂಗಾರ ತೂಗುತ್ತಿದ್ದ ಅದೇ ಬೀಜ. ಬೀಜಕ್ಕೂ ಹುಳುವಿಗೂ ಬಣ್ಣದಲ್ಲಷ್ಟೇ ಹೋಲಿಕೆಯಲ್ಲ. ಬೀಜದೊಳಗೆ ಕಡು ವಿಷವಿದೆ. ಹುಳುವನ್ನು ಹಿಡಿದು ಹಿಂಡಿದರೆ ಮೊಣಕಾಲಿನಿಂದ ಕಹಿ ಹಳದಿ ರಸ ಬಸಿಯುತ್ತದೆ. ಎರಡೂ ಹೇಳುವ ಮಾತು ಒಂದೇ: ಬಾಯಿಗೆ ಹಾಕಬೇಡ.

ಮುತ್ಯಾನ ಕಬ್ಬಿನ ಮೇಲಿದ್ದ ಹುಳು ಅದೇ ಕುಲದ್ದು. ಕೆಂಪಿಲ್ಲ, ಚುಕ್ಕೆಯಿಲ್ಲ. ಎಣ್ಣೆ ಸವರಿದಂತೆ ಮಿರುಗುವ ಕಪ್ಪು. ಮೂರರಿಂದ ನಾಲ್ಕು ಮಿಲಿಮೀಟರ್, ಉದ್ದಿನ ಕಾಳಿಗಿಂತ ತುಸು ಸಣ್ಣದು. ಬೋರಲು ಹಾಕಿದ ಬಟ್ಟಲಿನಂಥ ಬೆನ್ನು. ತಲೆ ಮತ್ತು ಕತ್ತಿನ ಎರಡು ಪಕ್ಕ ಮಾತ್ರ ಹಳದಿ. ಮಗುಚಿದರೆ ಹೊಟ್ಟೆಯೂ ಹಳದಿಗಂದು. ಹೆಸರು ಕೈಲೊಕೋರಸ್ ನೈಗ್ರಿಟ. ಕರಿಯ ಎಂಬುದೇ ಅದರ ಎರಡನೆಯ ಹೆಸರಿನ ಅರ್ಥ. ಮುತ್ಯಾ ಇದನ್ನು ಕರಿಹುಳ ಎಂದರು. ನಾನು ಕರಿ ಗುಲಗಂಜಿ ಎನ್ನುತ್ತೇನೆ.

ಇದಕ್ಕೆ ನೈಗ್ರಿಟ ಎಂದು ಹೆಸರಿಟ್ಟವನು ಡೆನ್ಮಾರ್ಕಿನ ಯೋಹಾನ್ ಕ್ರಿಶ್ಚಿಯನ್ ಫ್ಯಾಬ್ರಿಸಿಯಸ್, ಲಿನೇಯಸನ ಶಿಷ್ಯ. ಜಗತ್ತಿನ ಮೂಲೆಮೂಲೆಯ ಹತ್ತಿರ ಹತ್ತಿರ 10,000 ಕೀಟಗಳಿಗೆ ಹೆಸರಿಟ್ಟ ಮನುಷ್ಯ. ತಮಿಳು ಕರಾವಳಿಯ ತರಂಗಂಬಾಡಿ ಆಗ ಡೇನರ ವಸಾಹತು. ಅಲ್ಲಿಂದ ಹಡಗೇರಿ ಹೋದ ಅದೆಷ್ಟೋ ಭಾರತೀಯ ಹುಳುಗಳು ಅವನ ಮೇಜು ಸೇರಿದ್ದವು. ಕರಿ ಗುಲಗಂಜಿಗೆ ಹೆಸರು ಬಂದದ್ದು 1798ರಲ್ಲಿ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಮಡಿಯುವ ಹಿಂದಿನ ವರ್ಷ.

ಇದರ ಬಾಯಿಯ ರಚನೆಯಲ್ಲಿ ಒಂದು ಸೊಗಸಿದೆ. ಗಿಡದ ಹೇನು ತಿನ್ನುವ ಗುಲಗಂಜಿ ಹುಳುಗಳ ದವಡೆಯ ತುದಿ ಎರಡಾಗಿ ಸೀಳಿರುತ್ತದೆ. ಹೇನಿನ ಮೈ ಮೆತ್ತಗೆ, ಅದನ್ನು ಹಿಡಿದು ಜಗಿಯಲು ಅದು ಸಾಕು. ಕರಿ ಗುಲಗಂಜಿಯದು ಒಂದೇ ಮೊನೆ. ಚಿಪ್ಪು ಚುಚ್ಚಿ ಎಬ್ಬಿಸುವುದಕ್ಕೇ ಮಾಡಿದ ಮೊನೆ. ಚಿಪ್ಪಿನ ಅಂಚು ಎತ್ತಿ ಒಳಗಿನ ಹಳದಿ ಮೈಯನ್ನು ಮುಗಿಸಿ ಮುಂದಿನದಕ್ಕೆ ಹೋಗುತ್ತದೆ. ದಿನವಿಡೀ ಇದೇ ಕೆಲಸ.

ಮೊಟ್ಟೆ ಇಡಲು ತಾಯಿ ಹುಡುಕುವುದು ಕತ್ತಲೆಯ ಸಂದು. ಖಾಲಿಯಾದ ಶಲ್ಕದ ಚಿಪ್ಪಿನಡಿ, ರವದಿಯ ಮಡಿಕೆಯಲ್ಲಿ, ನಾರಿನ ನಡುವೆ. ಮೊಟ್ಟೆಯೊಡೆದು ಬಂದ ಮರಿಯ ಮೈತುಂಬ ಕವಲೊಡೆದ ಮುಳ್ಳು. ನೋಡಿದರೆ ಇದೇ ದೊಡ್ಡ ಪೀಡೆ ಎನಿಸುವ ಹಾಗಿರುತ್ತದೆ. ನಾಲ್ಕು ಹಂತ ಬೆಳೆದು, ಕೊನೆಯ ತೊಗಲನ್ನು ಪೂರ್ತಿ ಕಳಚದೆ ಅದರೊಳಗೇ ಕೋಶವಾಗುತ್ತದೆ. ಹೀಗೆ ಕೋಶವಾಗುವಾಗ ಹತ್ತಾರು ಮರಿಗಳು ಒಂದೇ ಕಡೆ ಗುಂಪಾಗಿ ಅಂಟಿಕೊಳ್ಳುವುದುಂಟು. ಹವೆ ಬೆಚ್ಚಗಿದ್ದರೆ ಮೊಟ್ಟೆಯಿಂದ ಹುಳುವಾಗಲು ಸುಮಾರು ಒಂದು ತಿಂಗಳು. ಚಳಿ ಹೆಚ್ಚಾದರೆ ಇನ್ನಷ್ಟು ದಿನ.

ಮರಿಯೂ ಬೇಟೆಗಾರ, ದೊಡ್ಡದೂ ಬೇಟೆಗಾರ. ಒಂದೇ ಗಳದ ಮೇಲೆ ಅಜ್ಜ-ಮೊಮ್ಮಗ ಕೂಡಿ ಉಣ್ಣುವ ಸಂಸಾರ ಇದು.

*

ಚೌಕಟ್ಟು: ಹೊಲದಲ್ಲಿ ಗುರುತಿಸುವುದು ಹೇಗೆ?

ದೊಡ್ಡ ಹುಳು: ಹೊಳೆಯುವ ಕಪ್ಪು, ಚುಕ್ಕೆಯಿಲ್ಲ, ತಲೆಯ ಬಳಿ ಹಳದಿ. ಮುಟ್ಟಿದರೆ ಕಾಲು ಮಡಚಿ ಗಳಕ್ಕೆ ಅವಚಿಕೊಳ್ಳುತ್ತದೆ.

ಮರಿ: ಮೈತುಂಬ ಮೆದು ಮುಳ್ಳು. ಕಚ್ಚುವುದಿಲ್ಲ.

ಕೋಶ: ಒಡೆದ ಮುಳ್ಳುಚರ್ಮದ ನಡುವೆ ಕಂದು ಉಂಡೆ. ರವದಿಯ ಒಳಮೈಗೆ ಗುಂಪಾಗಿ ಅಂಟಿರುತ್ತವೆ.

ಜೊತೆಗಾರ: ಕಬ್ಬಿನ ಶಲ್ಕದ ಮೇಲೆ ಇನ್ನೂ ಸಣ್ಣದೊಂದು ಹುಳು ಕಂಡರೆ ಅದು ಫ್ಯಾರೊಸ್ಕಿಮ್ನಸ್ ಹಾರ್ನಿ ಇರಬಹುದು. ಅದೂ ಗುಲಗಂಜಿ ಕುಲವೇ, ಅದೂ ಶಲ್ಕವನ್ನೇ ತಿನ್ನುತ್ತದೆ.

ಹುಳು ತಿಂದ ಚಿಪ್ಪು: ಅಂಚು ಹರಿದಿರುತ್ತದೆ ಅಥವಾ ನಡುವೆ ತೂತು. ಉಗುರಿನಿಂದ ಕೆರೆದರೆ ಒಣ ಪುಡಿ ಉದುರುತ್ತದೆ. ಜೀವಂತ ಶಲ್ಕವಾದರೆ ಹಳದಿ ರಸ ಅಂಟುತ್ತದೆ.

*

ಹಡಗೇರಿದ ಕರಿಯ

1930ರ ದಶಕ. ಹಿಂದೂ ಮಹಾಸಾಗರದ ನಡುವಿನ ಸೇಶೆಲ್ಸ್ ದ್ವೀಪಗಳಲ್ಲಿ ತೆಂಗು ಸೊರಗುತ್ತಿತ್ತು. ಅಲ್ಲಿನ ಜನರ ಬದುಕು ಆಗ ನಿಂತಿದ್ದು ಕೊಬ್ಬರಿಯ ಮೇಲೆ. ಗರಿಗಳ ತುಂಬ ಬಗೆಬಗೆಯ ಶಲ್ಕ ಕೀಟ. ದ್ವೀಪದಲ್ಲಿ ಅವನ್ನು ತಿನ್ನುವ ತಕ್ಕ ಶತ್ರು ಇರಲಿಲ್ಲ.

ಡೆಸ್ಮಂಡ್ ವೆಸಿ-ಫಿಟ್ಜೆರಾಲ್ಡ್ ಎಂಬ ಕೀಟತಜ್ಞ ಆಫ್ರಿಕಾ ಮತ್ತು ಭಾರತದಲ್ಲಿ ಶಲ್ಕ ತಿನ್ನುವ ಹುಳುಗಳನ್ನು ಹುಡುಕಿದ. 1938ರಲ್ಲಿ ಭಾರತದ ಕರಿ ಗುಲಗಂಜಿ ಸೇಶೆಲ್ಸ್ ಸೇರಿತು. ಅದು ಅಲ್ಲಿ ನೆಲೆಯೂರಿತು, ಹಬ್ಬಿತು, ಕೆಲವೇ ವರ್ಷಗಳಲ್ಲಿ ತೆಂಗಿನ ಗರಿ ಮತ್ತೆ ಹಸಿರಾಯಿತು. ಜೈವಿಕ ಹತೋಟಿಯ ಪಾಠಪುಸ್ತಕಗಳು ಇಂದಿಗೂ ಈ ಗೆಲುವನ್ನು ನೆನೆಯುತ್ತವೆ.

ಮರುವರ್ಷ ಅದೇ ಹುಳು ಮಾರಿಷಸ್‌ಗೆ ಹೋಯಿತು. ಅಲ್ಲಿ ಅದರ ಪಾಲಿಗೆ ಬಂದದ್ದು ಕಬ್ಬಿನ ಶಲ್ಕ. ಬಿಹಾರದಿಂದ, ತಮಿಳುನಾಡಿನಿಂದ ಹಡಗೇರಿದ ಕೂಲಿಯವರು ಬೆವರು ಸುರಿಸಿ ಬೆಳೆಸಿದ ಕಬ್ಬಿನ ಗದ್ದೆಗೆ ಅವರ ತವರಿನ ಸೀಮೆಯ ಹುಳುವೂ ಕೆಲಸಕ್ಕೆ ಬಂದಿತ್ತು. ಈ ವಿಷಯ ಓದಿದಾಗಲೆಲ್ಲ ನನಗೆ ಆ ಜನ ಕಣ್ಣಮುಂದೆ ಬರುತ್ತಾರೆ.

1980ರ ದಶಕದಲ್ಲಿ ಒಮಾನಿನ ದಕ್ಷಿಣಕ್ಕಿರುವ ಧೋಫಾರ್‌ಗೆ ಭಾರತದಿಂದಲೇ ಹುಳು ತರಿಸಿಕೊಂಡರು. ಅಲ್ಲಿಯೂ ತೆಂಗಿನ ಶಲ್ಕ, ಅಲ್ಲಿಯೂ ಗೆಲುವು. ದಕ್ಷಿಣ ಆಫ್ರಿಕಾದ ಕಿತ್ತಳೆ ತೋಟಗಳಲ್ಲಿ ಕೆಂಪು ಶಲ್ಕವನ್ನು ಹದ್ದುಬಸ್ತಿನಲ್ಲಿಡುವ ಮುಖ್ಯ ಬೇಟೆಗಾರರಲ್ಲಿ ಇದೂ ಒಂದು. ಅಲ್ಲಿನ ಕೀಟತಜ್ಞ ಮೈಕೆಲ್ ಸ್ಯಾಮ್‌ವೇಸ್ ಇದರ ಬದುಕನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದವರು. ತೋಟದ ಪಕ್ಕದ ಹೆಬ್ಬಿದಿರಿನ ಮೆಳೆಗಳಲ್ಲಿ ಬಿದಿರಿನದೇ ಶಲ್ಕವನ್ನು ಉಂಡು ಕರಿ ಗುಲಗಂಜಿ ರಾಶಿರಾಶಿಯಾಗಿ ಬೆಳೆಯುತ್ತದೆ ಎಂಬುದನ್ನು ಅವರು ಗಮನಿಸಿದರು. ಬಿದಿರಿಗೆ ಆ ಶಲ್ಕದಿಂದ ಹೇಳಿಕೊಳ್ಳುವಂಥ ನಷ್ಟವಿಲ್ಲ. ಮೆಳೆಯೇ ಹುಳುವಿನ ತೊಟ್ಟಿಲಾಯಿತು. ಬೇಕಾದಾಗ ಅಲ್ಲಿಂದ ಹಿಡಿದು ತೋಟಕ್ಕೆ ಬಿಡಬಹುದು.

ನನಗೆ ಇಡೀ ಕಥೆಯಲ್ಲಿ ಬಹಳ ಹಿಡಿಸಿದ್ದು ಈ ಬಿದಿರಿನ ಮೆಳೆ. ಪ್ರಯೋಗಾಲಯ ಬೇಡ, ಯಂತ್ರ ಬೇಡ. ಬದುವಿನಲ್ಲಿ ಒಂದು ಮೆಳೆ ಸಾಕು.

129 ಹುಳುಗಳು

ಗುಲಗಂಜಿ ಕುಲದ ಹುಳುವನ್ನು ದೇಶದಿಂದ ದೇಶಕ್ಕೆ ಒಯ್ದು ಬೆಳೆ ಉಳಿಸಬಹುದೆಂದು ಲೋಕಕ್ಕೆ ತೋರಿಸಿದ್ದು ಕ್ಯಾಲಿಫೋರ್ನಿಯಾ. ಅಲ್ಲಿನ ಕಿತ್ತಳೆಗೆ ಆಸ್ಟ್ರೇಲಿಯಾದಿಂದ ಬಂದ ಹತ್ತಿಯಂಥ ಶಲ್ಕ ಅಂಟಿತ್ತು. ಬೆಳೆಗಾರರು ಮರ ಕಡಿದು ಸುಡುತ್ತಿದ್ದರು. 1888ರಲ್ಲಿ ಆಲ್ಬರ್ಟ್ ಕೊಬೆಲೆ ಎಂಬ ಕೀಟತಜ್ಞನನ್ನು ಶಲ್ಕದ ತವರಿಗೇ ಕಳಿಸಿದರು. ಅವನು ಅಲ್ಲಿಂದ ಹಡಗಿನಲ್ಲಿ ಕಳಿಸಿದ ರೊಡೋಲಿಯ ಎಂಬ ಕೆಂಪು-ಕಪ್ಪು ಹುಳುಗಳಲ್ಲಿ ಮೊದಲ ಮೂರು ಕಂತಿನ ಒಟ್ಟು ಲೆಕ್ಕ 129.

ಲಾಸ್ ಏಂಜಲೀಸಿನ ಒಂದು ಕಿತ್ತಳೆ ಮರಕ್ಕೆ ಗುಡಾರ ಹೊದಿಸಿ ಅದರೊಳಗೆ ಅವನ್ನು ಬಿಟ್ಟರು. 1889ರ ಏಪ್ರಿಲ್‌ನಲ್ಲಿ ಗುಡಾರದ ಒಂದು ಪಕ್ಕ ತೆರೆದರು. ಜೂನ್ 12ರ ಹೊತ್ತಿಗೆ ಆ ಸಂತತಿಯಿಂದ 10,555 ಹುಳುಗಳನ್ನು 208 ಬೆಳೆಗಾರರಿಗೆ ಹಂಚಿಯಾಗಿತ್ತು. ಒಂದೇ ವರ್ಷದಲ್ಲಿ ಕಿತ್ತಳೆ ಉಳಿಯಿತು.

ಇದರ ಮುಂದಿನ ಅಧ್ಯಾಯವನ್ನು ನಾವು ಹೆಚ್ಚು ಓದಬೇಕು. 1940ರ ದಶಕದಲ್ಲಿ ಅದೇ ತೋಟಗಳಿಗೆ ಡಿಡಿಟಿ ಬಂತು. ರೊಡೋಲಿಯ ಸತ್ತಿತು. ಐವತ್ತಕ್ಕೂ ಹೆಚ್ಚು ವರ್ಷ ತಣ್ಣಗಿದ್ದ ಹತ್ತಿ ಶಲ್ಕ ಮತ್ತೆ ಮರವೇರಿತು. ಬೆಳೆಗಾರರು ಹುಳುವನ್ನು ಮತ್ತೆ ಹುಡುಕಿ ತಂದು ಬಿಡಬೇಕಾಯಿತು.

ಅದೇ ಹತ್ತಿ ಶಲ್ಕ ನಮ್ಮ ಪಕ್ಕದ ನೀಲಗಿರಿಯ ವಾಟಲ್ ಮರಗಳ ಮೇಲೆ 1928ರಲ್ಲಿ ಕಾಣಿಸಿಕೊಂಡಿತು. 1929-30ರಲ್ಲಿ ರೊಡೋಲಿಯವನ್ನು ತರಿಸಿ ಬಿಟ್ಟರು. ಅಲ್ಲಿಯೂ ಕೈ ಹಿಡಿಯಿತು.

ಅದಕ್ಕಿಂತ ಮೂರು ದಶಕ ಹಿಂದೆ, 1898ರಲ್ಲಿ, ದಕ್ಷಿಣ ಭಾರತದ ಕಾಫಿಗೆ ಹಸಿರು ಶಲ್ಕದ ಕಾಟ ಹೆಚ್ಚಾದಾಗ ಆಸ್ಟ್ರೇಲಿಯಾದಿಂದ ಕ್ರಿಪ್ಟೊಲೀಮಸ್ ಎಂಬ ಇನ್ನೊಂದು ಗುಲಗಂಜಿ ಹುಳು ಬಂದಿತ್ತು. ಹಸಿರು ಶಲ್ಕದ ಮೇಲೆ ಅದು ಗೆಲ್ಲಲಿಲ್ಲ. ಆದರೆ ಸಾಯಲೂ ಇಲ್ಲ. ತೋಟಗಳ ಹಿಟ್ಟುತಿಗಣೆ ತಿಂದು ಉಳಿದುಕೊಂಡಿತು. 1980ರ ದಶಕದಲ್ಲಿ ಎಂ. ಮಣಿ, ಟಿ.ಎಸ್. ತೋಂಟದಾರ್ಯ ಅವರು ಕರ್ನಾಟಕದ ದ್ರಾಕ್ಷಿ ತೋಟಗಳಲ್ಲಿ ಇದನ್ನು ಬಿಟ್ಟು ಹಿಟ್ಟುತಿಗಣೆ ಇಳಿಯುವುದನ್ನು ತೋರಿಸಿಕೊಟ್ಟರು. ಇಂದು ಹಿಟ್ಟುತಿಗಣೆಗೆ ಗುಲಗಂಜಿ ಹುಳು ಬಿಡಿ ಎಂದು ಕೃಷಿ ಅಧಿಕಾರಿ ಹೇಳಿದರೆ ಅದು ಇದೇ ಹುಳು.

ಸಿಹಿಗುಂಬಳದ ಮೇಲೆ ಹಿಟ್ಟುತಿಗಣೆ ಬೆಳೆಸಿ, ಆ ಕುಂಬಳವನ್ನು ಹುಳುವಿನ ಮುಂದಿಟ್ಟು ಇದನ್ನು ಸಾಕುತ್ತಾರೆ. ಕರಿ ಗುಲಗಂಜಿಯನ್ನೂ ಹಾಗೆಯೇ ಸಾಕಬಹುದು, ಹಿಟ್ಟುತಿಗಣೆಯ ಬದಲು ಕುಂಬಳದ ಮೇಲೆ ಶಲ್ಕ ಹತ್ತಿಸಬೇಕು ಅಷ್ಟೆ. ಹಂಗಾಮಿನಲ್ಲಿ ಮನೆಮನೆಯ ಅಟ್ಟ ಸೇರುವ ಕುಂಬಳಕಾಯಿಗೆ ಇಂಥದೊಂದು ಉಪಯೋಗವಿದೆ ಎಂದರೆ ನಮ್ಮ ಅತ್ತಿ ನಂಬಲೇ ಇಲ್ಲ.

*

ಚೌಕಟ್ಟು: ಶಲ್ಕವೇ ಬಂಧುವಾದಾಗ

ಶಲ್ಕ ಕುಲದ ಎಲ್ಲವೂ ಶತ್ರುವಲ್ಲ. ಅರಗು ಕೊಡುವುದು ಶಲ್ಕ ಕೀಟವೇ. ಹೈದರಾಬಾದಿನ ಚಾರ್‌ಮಿನಾರ್ ಪಕ್ಕದ ಲಾಡ್ ಬಜಾರಿನ ಅರಗಿನ ಬಳೆ ಇದರ ಕೊಡುಗೆ. ಕೊಂಪಿಯಲ್ಲಿ ಕೂತ ಪಾಂಡವರನ್ನು ಸುಡಲು ಕೌರವರು ಕಟ್ಟಿಸಿದ್ದೂ ಅರಗಿನ ಮನೆಯನ್ನೇ.

ಪಾಪಾಸುಕಳ್ಳಿಯನ್ನು ತಿನ್ನುವ ಕಾಚಿನೀಲ್ ಇನ್ನೊಂದು ಬಂಧು. 1795ರಲ್ಲಿ ಕೆಂಪು ಬಣ್ಣದ ಆಸೆಗೆ ಬ್ರೆಜಿಲ್‌ನಿಂದ ಭಾರತಕ್ಕೆ ತಂದದ್ದು ತಪ್ಪು ಜಾತಿ. ಬಣ್ಣ ಸಿಗಲಿಲ್ಲ, ಆದರೆ ಅದು ಒಂದು ಬಗೆಯ ಕಳ್ಳಿಯನ್ನು ತಿಂದು ಹಾಕಿತು. 1926ರಲ್ಲಿ ಬೇಕೆಂದೇ ತಂದ ಇನ್ನೊಂದು ಜಾತಿ ದಕ್ಷಿಣದ ಕಳ್ಳಿ ಮೆಳೆಗಳನ್ನು ಬಯಲು ಮಾಡಿತು.

ದಕ್ಷಿಣ ಆಫ್ರಿಕಾದಲ್ಲಿ ಕಳ್ಳಿ ಅಳಿಸಲು ಬಿಟ್ಟ ಕಾಚಿನೀಲನ್ನು ಕ್ರಿಪ್ಟೊಲೀಮಸ್ ತಿನ್ನತೊಡಗಿದಾಗ ಆ ಗುಲಗಂಜಿ ಹುಳುವನ್ನೇ ಡಿಡಿಟಿ ಹೊಡೆದು ಕೊಂದರು. ಒಂದೇ ಹುಳು ಒಂದು ತೋಟದಲ್ಲಿ ನೆಂಟ, ಇನ್ನೊಂದು ಬಯಲಲ್ಲಿ ಬೇಡದವ.

*

ಹೆಬ್ಬಾಳದಿಂದ ಹುಡಗಿಗೆ

ಇಂಥ ಹುಳುಗಳ ಅಧ್ಯಯನಕ್ಕೆ ದೇಶದಲ್ಲೇ ದೊಡ್ಡ ನೆಲೆ ನಮ್ಮ ರಾಜ್ಯದಲ್ಲಿದೆ. 1957ರಲ್ಲಿ ಬೆಂಗಳೂರಿನಲ್ಲಿ ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತೀಯ ಕೇಂದ್ರ ಶುರುವಾಯಿತು. ಆ ಬೇರಿನಿಂದ ಬೆಳೆದದ್ದೇ ಇಂದು ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ. ಭಾರತ ಉಪಖಂಡದ ಗುಲಗಂಜಿ ಕುಲದ ಹುಳುಗಳ ಪಟ್ಟಿಯನ್ನು 2002ರಲ್ಲಿ ಕೊಟ್ಟವರು ಆಗ ಅಲ್ಲಿ ವಿಜ್ಞಾನಿಯಾಗಿದ್ದ ಜೆ. ಪೂರಣಿ. ಕೆಂಪು ಚುಕ್ಕೆಯವು ಮಾತ್ರವಲ್ಲ. ಕಪ್ಪು, ಹಳದಿ, ಕಂದು, ರೋಮದವು, ಸಾಸಿವೆಗಿಂತ ಸಣ್ಣವು ಎಲ್ಲ ಅದರಲ್ಲಿವೆ. ಜಗತ್ತಿನಲ್ಲಿ ಸುಮಾರು 6,000 ಜಾತಿ. ನಮ್ಮ ಪಠ್ಯಪುಸ್ತಕದ ಚಿತ್ರದಲ್ಲಿ ಇರುವುದು ಒಂದೇ.

ತಜ್ಞರು ಕಬ್ಬಿನ ಶಲ್ಕಕ್ಕೆ ಹೇಳುವ ಮದ್ದಿನಲ್ಲಿ ದುಬಾರಿಯದೇನೂ ಇಲ್ಲ. ಶಲ್ಕವಿಲ್ಲದ ಹೊಲದಿಂದ ಬೀಜದ ತುಂಡು ತರಬೇಕು, ಏಕೆಂದರೆ ಈ ಕೀಟ ಊರಿಂದೂರಿಗೆ ಹೋಗುವುದು ಬೀಜದ ಗಾಡಿಯಲ್ಲೇ. ಕಬ್ಬು ಗಣಿಕೆ ಕಟ್ಟಿದ ಮೇಲೆ ಐದಾರು ತಿಂಗಳಿಗೆ ಕೆಳಗಿನ ರವದಿ ಸುಲಿಯಬೇಕು. ಮರೆ ಹೋದರೆ ಶಲ್ಕದ ಮರಿಗೆ ನೆಲೆಯಿಲ್ಲ, ಬೇಟೆಗಾರನಿಗೆ ದಾರಿ ಸಲೀಸು. ಶಲ್ಕ ಹೆಚ್ಚಿದ ಹೊಲದಲ್ಲಿ ಕೂಳೆ ಬಿಡಬಾರದು. ಕರಿ ಗುಲಗಂಜಿಯನ್ನು ತಂದು ಬಿಡಬೇಕು, ಇದ್ದರೆ ಉಳಿಸಿಕೊಳ್ಳಬೇಕು.

ಹೇಳುವುದು ಸುಲಭ. ರವದಿ ಸುಲಿಯಲು ಆಳು ಬೇಕು, ಆಳಿನ ಪಗಾರ ಏರಿದೆ. ಕಬ್ಬಿನ ಎಲೆಯ ಅಂಚು ಗರಗಸ, ಸುಲಿದವರ ಕೈ ಕತ್ತು ಎಲ್ಲ ಗೀರು. ಪಂಪು ಹೊಡೆದರೆ ಒಂದೇ ಬೆಳಗಿನ ಕೆಲಸ. ರೈತ ಸೋಮಾರಿ ಎಂದು ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ.

ರವದಿಯದೂ ಒಂದು ತೊಡಕಿದೆ. ಕಬ್ಬು ಕಡಿದ ಮೇಲೆ ಈ ಸೀಮೆಯಲ್ಲಿ ರವದಿಗೆ ಬೆಂಕಿ ಇಡುವುದು ರೂಢಿ. ಶಲ್ಕ ಅಂಟಿದ ಕಸ ಸುಡುವುದು ಒಳ್ಳೆಯದು ಎಂಬ ಸಲಹೆಯೂ ಹಳೆಯದು. ಆದರೆ ಕರಿ ಗುಲಗಂಜಿಯ ಕೋಶ ಅಂಟಿರುವುದು ಅದೇ ರವದಿಗೆ. ಬೆಂಕಿ ಇಬ್ಬರನ್ನೂ ಸುಡುತ್ತದೆ. ಸುಲಿದ ರವದಿಯನ್ನು ಕೆಲವು ದಿನ ಬದುವಿಗೆ ಒಟ್ಟಿಟ್ಟರೆ ಹಸಿ ಕಬ್ಬಿಲ್ಲದೆ ಶಲ್ಕ ಹಸಿದು ಸಾಯುತ್ತದೆ, ರೆಕ್ಕೆ ಬಂದ ಹುಳು ಹಾರಿ ಹೋಗುತ್ತದೆ. ಆಮೇಲೆ ಅದನ್ನು ಸಾಲಿಗೆ ಹೊದಿಸಿದರೆ ಬೋರಿನ ನೀರೂ ಉಳಿದೀತು. ನನ್ನ ಮಾತು ಕೇಳುವವರಿದ್ದರೆ ನಾನು ಹೇಳುವುದು ಇದನ್ನೇ.

ಇನ್ನೊಂದು ಮಾತನ್ನೂ ಹೇಳಬೇಕು. ಕರಿ ಗುಲಗಂಜಿ ಶಲ್ಕವನ್ನು ಪೂರ್ತಿ ಅಳಿಸುವುದಿಲ್ಲ. ಅಳಿಸಿದರೆ ಅದಕ್ಕೇ ಉಪವಾಸ. ಶಲ್ಕ ಕಡಿಮೆಯಾದಾಗ ಹುಳು ಪಕ್ಕದ ಗಿಡಕ್ಕೆ, ಬೇಲಿಗೆ, ಮಾವಿಗೆ, ಬೇವಿಗೆ ಶಲ್ಕ ಹುಡುಕಿಕೊಂಡು ಹೋಗುತ್ತದೆ; ಹೆಚ್ಚಾದಾಗ ಮರಳುತ್ತದೆ. ಹೊಲದ ಸುತ್ತ ಒಂದಿಷ್ಟು ಮರ ಬೇಕು, ಮರದ ಮೇಲೆ ಒಂದಿಷ್ಟು ಶಲ್ಕವೂ ಬೇಕು. ಬದುವಿನ ಬೇವು ಕಡಿದ ಹೊಲಕ್ಕೆ ಹುಳು ವಾಪಸು ಬರುವುದು ಎಲ್ಲಿಂದ?

ಇದನ್ನು ಮುತ್ಯಾನಿಗೆ ವಿವರಿಸಲು ನನಗೆ ಮಾತು ಸಿಗಲಿಲ್ಲ. ಅವರೇ ದಾರಿ ತೋರಿದರು. "ಅಂದ್ರ ಅದಕ್ಕೂ ಒಂದೀಟು ಚರಗ ಬಿಡಬೇಕು ಅನ್ನು."

ಹೊತ್ತು ಮುಳುಗುವ ಮುನ್ನ

ಮುತ್ಯಾ ಮತ್ತೆ ಕಬ್ಬಿನೊಳಗೆ ಹೋದರು. ಈ ಸಲ ಭೂತಗನ್ನಡಿ ಅವರ ಕೈಯಲ್ಲೇ ಇತ್ತು. ಒಂದು ಸಾಲು, ಎರಡು ಸಾಲು, ಐದು ಸಾಲು. ಬೂದಿ ಹೆಚ್ಚಿದ್ದದ್ದು ಪಟ್ಟಿಯ ಮೂಡಣ ಮೂಲೆಯಲ್ಲಿ. ಅಲ್ಲಿ ಕರಿಹುಳು ಒಂದೂ ಇರಲಿಲ್ಲ. ಹುಳು ತುಂಬಿದ್ದ ಪಡುವಣ ಸಾಲಿನಲ್ಲಿ ಕೆರೆದಲ್ಲೆಲ್ಲ ಚಿಪ್ಪು ಒಣಪುಡಿಯಾಗಿ ಉದುರಿತು.

"ಮೂಡಣ ಸಾಲಿಗಿ ಮೂರು ವಾರದ ಹಿಂದ ಎಣ್ಣಿ ಹೊಡದಿದ್ದ," ಎಂದರು ಮೆಲ್ಲಗೆ. ಹೊಡೆದವನು ಅವರ ಮಗ, ನಮ್ಮ ಕಾಕಾ. ಕಾಕಾ ಮಾತಾಡಲಿಲ್ಲ. ಕೊಂಪಿಯ ಹಿಂದಿನ ಪಂಪು ಎತ್ತಿಕೊಂಡು ಹೋಗಿ ಗಾಡಿಯಲ್ಲಿಟ್ಟು ಬಂದರು.

ಮುತ್ಯಾ ಕುಡುಗೋಲಿನಿಂದ ಪಡುವಣ ಸಾಲಿನ ಎರಡು ಗಳ ಕಡಿದರು. ಕೋಶ ಅಂಟಿದ ರವದಿ ಅಲುಗದಂತೆ ಮೊಳದುದ್ದ ತುಂಡು ಮಾಡಿದರು. ಅವರ ಪುಟ್ಟ ಮೊಮ್ಮಗ ತುಂಡು ಹಿಡಿದು ನಿಂತ. ಮೂಡಣ ಮೂಲೆಯ ಕಬ್ಬಿಗೆ ಒಂದೊಂದಾಗಿ ಕಟ್ಟಿದರು, ಕಟ್ಟಲು ಹಗ್ಗ ಬೇರೆ ಬೇಕಾಗಲಿಲ್ಲ, ಕಬ್ಬಿನ ಎಲೆಯನ್ನೇ ಹೊಸೆದರು.

ಕೊನೆಯ ತುಂಡು ಕಟ್ಟುವ ಮುಂಚೆ ಹುಡುಗ ಅದನ್ನು ಬೆಳಕಿಗೆ ಹಿಡಿದು ಕೋಶ ಎಣಿಸಿದ. ಹದಿನೇಳು.

"ಇನ್ನೊಂದು ಸಲ ಎಣಿಸು," ಎಂದರು ಮುತ್ಯಾ, ಭೂತಗನ್ನಡಿಯನ್ನು ಅವನ ಕೈಗೆ ಕೊಡುತ್ತ.